ಪದ ಬೇಕು: ಯಹೂದಿ ಇತಿಹಾಸದ 'ಅಸಿಮಿಲೇಶನ್'ಗೆ ಕನ್ನಡದಲ್ಲಿ ಏನನ್ನೋಣ? ಶುಕ್ರವಾರ ಅಚ್ಚಿಗೆ

ಬೆಂಗಳೂರಿನಿಂದ, ಮಂಗಳವಾರ ಬೆಳಗ್ಗೆ

ಎಲ್ಲರಿಗೂ ನಮಸ್ಕಾರ.

ಒಂದು ಪದ ಬೇಕಾಗಿದೆ, ಅರ್ಜೆಂಟು. ಯುರೋಪಿನ ಯಹೂದಿಗಳ ಇತಿಹಾಸದ ಮೇಲೆ ಇಲ್ಲಿನ ಕಾಲೇಜೊಂದರಲ್ಲಿ ಪ್ರದರ್ಶನ ನಡೆಯಲಿದೆ. ಹನ್ನೆರಡು ಫಲಕಗಳು. ಕನ್ನಡಕ್ಕೆ ತರುವ ಕೆಲಸ ನನ್ನ ಪಾಲಿಗೆ ಬಂದಿದೆ. ಶುಕ್ರವಾರ ಮಧ್ಯಾಹ್ನ ಅಚ್ಚಿನವರಿಗೆ ಕೊಡಬೇಕು. ಉಳಿದದ್ದೆಲ್ಲ ಮುಗಿದಿದೆ. ಐದನೇ ಫಲಕದ ತಲೆಬರಹದಲ್ಲಿ ಮೂರು ದಿನದಿಂದ ಸಿಕ್ಕಿಕೊಂಡಿದ್ದೇನೆ. ಇಂಗ್ಲಿಷಿನಲ್ಲಿ ಅಲ್ಲಿರುವುದು ಒಂದೇ ಪದ: ಅಸಿಮಿಲೇಶನ್. ಅಂದರೆ ಒಂದು ಸಮುದಾಯ ಸುತ್ತಲಿನ ಬಹುಸಂಖ್ಯಾತರ ಮಾತು, ರೀತಿನೀತಿ ಹಿಡಿದು ಅವರಂತೆಯೇ ಆಗುವುದು.

ನಿಘಂಟುಗಳಲ್ಲಿ ಸಿಕ್ಕಿದ್ದು ಸಮೀಕರಣ, ಸ್ವಾಂಗೀಕರಣ, ಸಾತ್ಮ್ಯೀಕರಣ, ವಿಲೀನ. ಸಮೀಕರಣ ಅಂದರೆ ಓದುವವರಿಗೆ ಗಣಿತ ನೆನಪಾಗುತ್ತದೆ, ಇಲ್ಲವೇ ಚುನಾವಣೆ ಹೊತ್ತಿನ ಜಾತಿ ಲೆಕ್ಕ. ಸ್ವಾಂಗೀಕರಣ ಶಾಲೆಯ ಜೀವಶಾಸ್ತ್ರದ ಪಾಠದ್ದು, ತಿಂದ ಅನ್ನ ಮೈಗೆ ಹತ್ತುವುದು. ವಿಲೀನ ಅಂದರೆ ಬ್ಯಾಂಕುಗಳದ್ದು.

ಫಲಕದಲ್ಲಿ ಏನಿದೆ ಅಂತ ಹೇಳದೆ ಸುಮ್ನೆ ಪದ ಕೇಳಿದರೆ ಪ್ರಯೋಜನವಿಲ್ಲ. ಅದಕ್ಕೆ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಡಗಡೆ ಒಂದು ಹಳೆಯ ಪುಟದ ಚಿತ್ರ. ಮೋಸೆಸ್ ಮೆಂಡೆಲ್ಸನ್ ತೋರಾವನ್ನು, ಅಂದರೆ ಬೈಬಲ್ಲಿನ ಮೊದಲ ಐದು ಪುಸ್ತಕಗಳನ್ನು, ಜರ್ಮನ್ ಭಾಷೆಗೆ ತಂದರು. 1780ರಿಂದ 1783ರ ನಡುವೆ ಅದು ಅಚ್ಚಾಯಿತು. ಪುಟ ನೋಡಿದರೆ ಪೂರ್ತಿ ಹೀಬ್ರೂ ಅಕ್ಷರ. ಬಲದಿಂದ ಎಡಕ್ಕೆ ಓದಬೇಕು. ಗಟ್ಟಿಯಾಗಿ ಓದಿದರೆ ಕಿವಿಗೆ ಬೀಳುವುದು ಮಾತ್ರ ಜರ್ಮನ್! ಆಗ ಅಲ್ಲಿನ ಯಹೂದಿಗಳ ಮನೆಮಾತು ಯಿಡ್ಡಿಶ್. ಹೀಬ್ರೂ ಅಕ್ಷರ ಅವರಿಗೆ ಚಿಕ್ಕಂದಿನಿಂದ ಬರುತ್ತಿತ್ತು, ಜರ್ಮನ್ ಅಕ್ಷರ ಬಹಳ ಜನಕ್ಕೆ ಬರುತ್ತಿರಲಿಲ್ಲ. ಕೈಯಲ್ಲಿರುವ ಅಕ್ಷರ ಹಿಡಿದುಕೊಂಡೇ ಹೊಸ ಭಾಷೆಗೆ ದಾಟಿಸುವ ಉಪಾಯ ಅದು. ಈ ಪುಟವನ್ನು ಪರದೆಯ ಮೇಲೆ ದೊಡ್ಡದು ಮಾಡಿಕೊಂಡು ಎಷ್ಟೋ ಹೊತ್ತು ನೋಡುತ್ತಾ ಕೂತಿದ್ದೆ. ಅಕ್ಷರ ಒಬ್ಬರದು, ಮಾತು ಇನ್ನೊಬ್ಬರದು. ಅದರ ಕೆಳಗೆ ವ್ಯಾಖ್ಯಾನ ಮತ್ತೆ ಹೀಬ್ರೂನಲ್ಲಿ.

ಬಲಗಡೆ ಅದೇ ಮನೆತನದ ವಂಶವೃಕ್ಷ. 1743ರಲ್ಲಿ, 14ರ ಹುಡುಗ ಮೋಸೆಸ್, ತನ್ನ ಗುರು ಇದ್ದ ಬರ್ಲಿನ್‌ಗೆ ದೆಸ್ಸೌ ಊರಿನಿಂದ ಬಂದ. ಮುಂದೆ ಯುರೋಪೇ ಗುರುತಿಸುವ ತತ್ವಜ್ಞಾನಿಯಾದ. 1786ರಲ್ಲಿ ತೀರಿಕೊಳ್ಳುವ ತನಕ ಯಹೂದಿ ಆಚರಣೆ ಬಿಡಲಿಲ್ಲ. ಅವರ ದೊಡ್ಡವರಾದ ಆರು ಮಕ್ಕಳಲ್ಲಿ ನಾಲ್ವರು ಕ್ರೈಸ್ತರಾದರು. ಮಗ ಅಬ್ರಹಾಂ 1816ರಲ್ಲಿ ತನ್ನ ಮಕ್ಕಳಿಗೆ ದೀಕ್ಷಾಸ್ನಾನ ಮಾಡಿಸಿದರು. ಫೆಲಿಕ್ಸ್‌ಗೆ ಆಗ ಏಳು ವರ್ಷ. ಹೆಸರಿನ ಕೊನೆಗೆ ಬಾರ್ತೋಲ್ಡಿ ಅಂತ ಇನ್ನೊಂದು ಸೇರಿತು. ಮುಂದೆ ಹೆಸರಾಂತ ಸಂಗೀತ ರಚನೆಕಾರರಾದ ಈ ಫೆಲಿಕ್ಸ್ ಯಾರು ಅಂತ ಸಂಗೀತ ಕೇಳುವವರಿಗೆ ಹೇಳಬೇಕಿಲ್ಲ. ಲೈಪ್ಜಿಗ್‌ನಲ್ಲಿದ್ದ ಅವರ ಪ್ರತಿಮೆಯನ್ನು ನಾಜಿಗಳ ಕಾಲದಲ್ಲಿ, 1936ರಲ್ಲಿ, ಕಿತ್ತು ಹಾಕಿದರು. ದೀಕ್ಷಾಸ್ನಾನವಾಗಿ 120 ವರ್ಷ ಕಳೆದ ಮೇಲೆ.

ಕೆಳಗೆ ಯಹೂದಿಯಾಗಿ ಹುಟ್ಟಿದ ಜರ್ಮನ್ ಕವಿ ಹೈನೆ. 1825ರಲ್ಲಿ ಕ್ರೈಸ್ತರಾದರು. ಹ್ಯಾರಿ ಹೋಗಿ ಹೈನ್ರಿಖ್ ಆಯಿತು. ದೀಕ್ಷಾಸ್ನಾನದ ಚೀಟಿಯನ್ನು ಯುರೋಪಿನ ಸಂಸ್ಕೃತಿಗೆ ಪ್ರವೇಶದ ಟಿಕೆಟ್ ಅಂದವರು ಅವರೇ.

ಇಷ್ಟಕ್ಕೂ ಸೇರಿ ಒಂದು ತಲೆಬರಹ ಬೇಕು. ಫಲಕದ ಅಗಲ ಕಡಿಮೆ, ಎರಡು ಪದ ಮೀರುವಂತಿಲ್ಲ.

ಜೊತೆಗೆ ಎರಡು ಸಣ್ಣ ಪ್ರಶ್ನೆ. ಎರಡನೇ ಫಲಕದ ಘೆಟ್ಟೊಗೆ, ಅಂದರೆ ಯಹೂದಿಗಳನ್ನು ಬೇರೆಯಾಗಿ ಇರಿಸಿದ ಜಾಗಕ್ಕೆ, 'ಯಹೂದಿ ಕೇರಿ' ಅಂತ ಹಾಕಿದ್ದೇನೆ. ಒಂಬತ್ತನೆಯದರಲ್ಲಿ 'ಪರಿಯಾ', ಅಂದರೆ ಸಮಾಜ ಹೊರಗಿಟ್ಟವನು, ಅನ್ನುವುದನ್ನು ಹಾಗೇ ಬಿಟ್ಟಿದ್ದೇನೆ. ಸರಿ ಅಲ್ವಾ?

ಮೈಸೂರಿನಿಂದ, ಮಂಗಳವಾರ

ಸಾತ್ಮ್ಯೀಕರಣ. ನಿಘಂಟಿನಲ್ಲಿ ಇದೆ ಅಂತ ನೀವೇ ಬರೆದಿದ್ದೀರಿ. ಇರುವ ಪದ ಬಿಟ್ಟು ಇಲ್ಲದ್ದನ್ನು ಹುಡುಕುವುದು ಯಾಕೆ? ಓದುವವರಿಗೆ ಹೊಸದು ಅನ್ನುವುದು ಕಾರಣವಲ್ಲ. ಇಂಗ್ಲಿಷ್ ಪದವೂ ಅವರಿಗೆ ಒಂದು ದಿನ ಹೊಸದಾಗಿತ್ತು.

ಶಿವಮೊಗ್ಗದಿಂದ, ಮಂಗಳವಾರ

ಸಾತ್ಮ್ಯೀಕರಣ ಅನ್ನುವುದನ್ನು ಫಲಕದ ಮುಂದೆ ನಿಂತ ಹತ್ತು ಜನರಿಂದ ಓದಿಸಿ ನೋಡಿ. ಒಂಬತ್ತು ಜನ 'ತ್ಮ್ಯೀ'ಯಲ್ಲಿ ಎಡವುತ್ತಾರೆ. ಬಾಯಲ್ಲಿ ಹೊರಳದ ಪದ ನೆನಪಲ್ಲಿ ಉಳಿಯುವುದಿಲ್ಲ.

ನಮ್ಮಲ್ಲಿ 'ಬೆರೆ' ಇದೆ. ಅದರಿಂದ ಬೆರಕೆ. ಮೂರೇ ಅಕ್ಷರ. ಬೆರಕೆ ಸೊಪ್ಪು ಅಂತ ದಿನಾ ಅನ್ನುತ್ತೇವೆ. ನಾಲ್ಕನೇ ಫಲಕದಲ್ಲಿ ಎಮಾನ್ಸಿಪೇಶನ್, ಅಂದರೆ ಯಹೂದಿಗಳಿಗೆ ಸಮಾನ ಹಕ್ಕು ಸಿಕ್ಕಿದ್ದು, ಬಂದಿರಲೇಬೇಕು. ಅದಕ್ಕೆ ವಿಮೋಚನೆ ಹಾಕಿದ್ದರೆ ತೆಗೆದು ಬಿಡುಗಡೆ ಅಂತ ಮಾಡಿ. ಯಹೂದಿಗಳ ಕತೆಯನ್ನು ಸಂಸ್ಕೃತದ ಉಡುಪು ಹಾಕಿಯೇ ಕನ್ನಡಿಗರಿಗೆ ತೋರಿಸಬೇಕು ಅಂತ ಯಾರು ಹೇಳಿದರು?

ಧಾರವಾಡದಿಂದ, ಮಂಗಳವಾರ ಸಂಜೆ

ಬೆರಕೆ ಖಂಡಿತ ಬೇಡ. ಸೊಪ್ಪಿಗೆ ಸರಿ, ಮನುಷ್ಯರಿಗೆ ಅದು ಬೈಗುಳ. ಬೆರಕೆ ತಳಿ ಅಂತ ಯಾರನ್ನಾದರೂ ಕರೆದು ನೋಡಿ. ಅದಕ್ಕಿಂತ ದೊಡ್ಡ ಕಾರಣ ಇನ್ನೊಂದಿದೆ. ನಾಜಿಗಳ 1935ರ ನ್ಯೂರೆಂಬರ್ಗ್ ಕಾನೂನುಗಳ ಬೆನ್ನಿಗೆ ಅರ್ಧ ಯಹೂದಿ, ಕಾಲು ಯಹೂದಿ ಅಂತ ಲೆಕ್ಕ ಹಾಕಿ ಜನರಿಗೆ ಒಂದು ಹೆಸರಿಟ್ಟರು. ಮಿಶ್ಲಿಂಗ್. ಅದರ ನೇರ ಕನ್ನಡವೇ ಬೆರಕೆಯವನು. ಅದೇ ಪದವನ್ನು ಮೆಂಡೆಲ್ಸನ್ ಮನೆತನದ ತಲೆಯ ಮೇಲೆ ಬರೆಯುತ್ತೀರಾ?

ನಾನು ನಲವತ್ತು ವರ್ಷ ಹೇಳಿಕೊಟ್ಟಿದ್ದು ವ್ಯಾಕರಣ. ಹಾಗಾಗಿ ನನಗೆ ಅಸಿಮಿಲೇಶನ್ ಅಂದ ಕೂಡಲೇ ನೆನಪಾಗುವುದು ಕರ್ಪು ಹೋಗಿ ಕಪ್ಪು ಆದದ್ದು, ಇರ್ದ ಹೋಗಿ ಇದ್ದ ಆದದ್ದು. ರ ಅನ್ನುವುದು ಪಕ್ಕದ ಪ ಆಯಿತು. ಈಗ ಕಪ್ಪು ಅನ್ನುವಾಗ ಅಲ್ಲೊಂದು ರ ಇತ್ತು ಅಂತ ಯಾರಿಗೂ ಗೊತ್ತಿಲ್ಲ. ಆದರೆ ರ ಸುಮ್ನೆ ಬಿದ್ದು ಹೋಗಿದ್ದರೆ ಕಪು ಅಂತ ಆಗಬೇಕಿತ್ತು. ಆಗಲಿಲ್ಲ. ಒಂದು ಒತ್ತು ಉಳಿಯಿತು. ರ ನಿಂತಿದ್ದ ಜಾಗ ಹಾಗೇ ಇದೆ, ಅದನ್ನು ಉಚ್ಚಾರ ಮಾಡುವಾಗ ನಾಲಿಗೆ ಅಷ್ಟು ಹೊತ್ತು ನಿಲ್ಲುತ್ತದೆ. ನೀವು ಹೇಳಿದ ಆ ಪುಟದಲ್ಲಿ ಹೀಬ್ರೂ ಅಕ್ಷರದೊಳಗೆ ಜರ್ಮನ್ ಕೂತಿರುವುದನ್ನು ಓದಿದಾಗ ನನಗೆ ಈ ಒತ್ತು ನೆನಪಾಯಿತು.

ನಾವು ಪಾಠದಲ್ಲಿ ಬಳಸುತ್ತಿದ್ದ ಪದ ಸಮರೂಪತೆ. ಫಲಕಕ್ಕೆ ಅದನ್ನು ಹಾಕಿ ಅನ್ನುವುದಿಲ್ಲ. ಇಂಗ್ಲಿಷ್ ಪದದೊಳಗೂ ಇರುವುದು ಅದೇ: ಲ್ಯಾಟಿನ್ನಿನ ಸಿಮಿಲಿಸ್, ಅಂದರೆ ಹೋಲುವುದು. ಬೆರೆಯುವುದು ಅಲ್ಲ. ಹೋಲುವುದಕ್ಕೂ ಬೆರೆಯುವುದಕ್ಕೂ ಅಂತರ ಇದೆ. ಹಾಲು ನೀರು ಬೆರೆಯುತ್ತವೆ. ರ ಮಾತ್ರ ಪ-ದ ಹಾಗೇ ಆಗಿಬಿಡುತ್ತದೆ.

ನ್ಯೂಜರ್ಸಿಯಿಂದ, ಬುಧವಾರ

ಲ್ಯಾಟಿನ್ ಬೇರು ಹಿಡಿದರೆ ದಾರಿ ತಪ್ಪುತ್ತೇವೆ. ಆ ಪದ ಹೊರಗಿನವರದು. ಯಹೂದಿಗಳು ತಮ್ಮ ಭಾಷೆಯಲ್ಲಿ ಇದಕ್ಕೆ ಏನಂದರು ಅಂತ ಮೊದಲು ನೋಡೋಣ.

ಹೀಬ್ರೂನಲ್ಲಿ ಹಿತ್ಬೋಲೆಲೂತ್. ಬೇರು ಬ-ಲ-ಲ. ಕಲಸು, ಬೆರೆಸು. ಬೈಬಲ್ಲಿನ ಬಾಬೆಲ್ ಗೋಪುರದ ಕತೆಯಲ್ಲಿ ದೇವರು ಜನರ ಭಾಷೆಯನ್ನು ಕಲಸಿಬಿಟ್ಟ ಅನ್ನುವಾಗ ಬರುವುದು ಇದೇ ಬೇರು. ಹಾಗಾಗಿ ಬೆರೆ ಅನ್ನುವ ಶಿವಮೊಗ್ಗದವರ ಊಹೆ ಸರಿಯೇ, ಬೆರಕೆ ಅನ್ನುವ ರೂಪ ತಪ್ಪು.

ಜನರ ಬಗ್ಗೆಯೇ ಇದನ್ನು ಹೇಳಿದ ಹಳೆಯ ಪ್ರಯೋಗ ಬೈಬಲ್ಲಿನ ಪ್ರವಾದಿ ಹೋಶೇಯನ ಪುಸ್ತಕದ ಏಳನೇ ಅಧ್ಯಾಯದಲ್ಲಿದೆ. ಎಫ್ರಾಯೀಮು, ಅಂದರೆ ಇಸ್ರಾಯೇಲ್ಯರ ಒಂದು ಕುಲ, ಬೇರೆ ಜನಗಳ ನಡುವೆ ತನ್ನನ್ನು ಕಲಸಿಕೊಂಡಿದ್ದಾನೆ ಅನ್ನುತ್ತದೆ. ಅದರ ಬೆನ್ನಿಗೇ ಬರುವ ಮಾತು: ಎಫ್ರಾಯೀಮು ಮಗುಚಿ ಹಾಕದ ರೊಟ್ಟಿ. ಹೆಂಚಿನ ಮೇಲೆ ಒಂದು ಮಗ್ಗುಲು ಸೀದಿದೆ, ಇನ್ನೊಂದು ಮಗ್ಗುಲು ಹಸಿ. ಜೋಳದ ರೊಟ್ಟಿ ಬಡಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಎರಡು ಸಾವಿರ ವರ್ಷಕ್ಕೂ ಹಿಂದೆ ಹೇಳಿದ್ದು, ಇವತ್ತಿಗೂ ಆ ಪದದ ಒಳಗೆ ಆ ರೊಟ್ಟಿ ಕೂತಿದೆ ಅಂತ ನಾನು ನಂಬುತ್ತೇನೆ.

ಈಗ ವ್ಯಾಕರಣ. ಹಿತ್ಬೋಲೆಲ್ ಅನ್ನುವುದು ತನ್ನ ಮೇಲೆ ತಾನೇ ಮಾಡಿಕೊಳ್ಳುವ ಕ್ರಿಯೆಯ ರೂಪ. ಹೀಬ್ರೂನಲ್ಲಿ ಅದಕ್ಕೆ ಮುಂದೆ ಹಿತ್ ಸೇರಬೇಕು. ಇಂಗ್ಲಿಷಿಗೆ ಇದನ್ನು ಒಂದು ಪದದಲ್ಲಿ ಹೇಳಲು ಬರುವುದಿಲ್ಲ. ನಮಗೆ ಬರುತ್ತದೆ. ನಮ್ಮಲ್ಲಿ 'ಕೊಳ್ಳು' ಇದೆ! ಕಲಿತುಕೊಳ್ಳು, ಹೊಂದಿಕೊಳ್ಳು, ಬೆರೆತುಕೊಳ್ಳು. ಹೀಬ್ರೂನಲ್ಲಿ ಮುಂದೆ ಕೂರುವುದು ಕನ್ನಡದಲ್ಲಿ ಹಿಂದೆ ಕೂರುತ್ತದೆ, ಅಷ್ಟೇ.

ಇನ್ನೊಂದು ಮಾತು. ಹೈನೆ ಮಾಡಿದ್ದನ್ನು ಈ ತಲೆಬರಹದಡಿ ಹಾಕುವುದಾದರೆ ಮತಾಂತರಕ್ಕೆ ಬೇರೆ ಪದ ಇರಲಿ. ಹೀಬ್ರೂ ಮತ್ತು ಯಿಡ್ಡಿಶ್‌ನಲ್ಲಿ ಅದಕ್ಕೆ ಶ್ಮಾದ್ ಅನ್ನುತ್ತಾರೆ. ಆ ಬೇರಿನ ಅರ್ಥ ನಾಶ. ಎರಡನ್ನೂ ಒಂದೇ ಪದದಲ್ಲಿ ಮುಚ್ಚಿದರೆ ಮನೆಯವರ ದುಃಖವೇ ಮರೆಯಾಗುತ್ತದೆ.

ಮೈಸೂರಿನಿಂದ, ಬುಧವಾರ

ಕೊಳ್ಳು ಸೇರಿಸಿದರೆ ಚರಿತ್ರೆ ಸುಳ್ಳಾಗುತ್ತದೆ. ತಾವಾಗಿ ಮಾಡಿಕೊಂಡರು ಅಂತ ಯಾರು ಹೇಳಿದ್ದು?

ಆಸ್ಟ್ರಿಯಾದ ಎರಡನೇ ಜೋಸೆಫ್ ದೊರೆ 1782ರಲ್ಲಿ ಸಹಿಷ್ಣುತೆಯ ಫರ್ಮಾನು ಹೊರಡಿಸಿದ. ಕೆಲವು ನಿರ್ಬಂಧ ಸಡಿಲಿಸಿದ. ಜೊತೆಗೆ ವ್ಯಾಪಾರದ ಲೆಕ್ಕಪತ್ರ ಹೀಬ್ರೂ, ಯಿಡ್ಡಿಶ್‌ನಲ್ಲಿ ಇರಬಾರದು ಅಂದ. 1787ರಲ್ಲಿ ಎಲ್ಲ ಯಹೂದಿಗಳೂ ಜರ್ಮನ್ ಮನೆತನದ ಹೆಸರು ಇಟ್ಟುಕೊಳ್ಳಬೇಕು ಅಂತ ಆಜ್ಞೆ. ಫ್ರಾನ್ಸಿನಲ್ಲಿ 1789ರ ಡಿಸೆಂಬರಿನಲ್ಲಿ ಕ್ಲೆರ್ಮೊಂ-ತೊನ್ನೇರ್ ಅನ್ನುವ ಸದಸ್ಯ ರಾಷ್ಟ್ರೀಯ ಸಭೆಯಲ್ಲಿ ಎದ್ದು ನಿಂತು ಹೇಳಿದ್ದರ ಸಾರ ಇಷ್ಟು: ಒಂದು ಜನಾಂಗವಾಗಿ ಯಹೂದಿಗಳಿಗೆ ಏನೂ ಕೊಡಬಾರದು, ಒಬ್ಬೊಬ್ಬರಿಗೆ ಬಿಡಿಯಾಗಿ ಎಲ್ಲವನ್ನೂ ಕೊಡಬೇಕು. ಇದನ್ನು ಹೇಳಿದವನು ಅವರ ಪರವಾಗಿ ಮಾತಾಡುತ್ತಿದ್ದವನು. 1791ರ ಸೆಪ್ಟೆಂಬರಿನಲ್ಲಿ ಪೌರತ್ವ ಬಂತು. ಜರ್ಮನ್ ರಾಜ್ಯವಾದ ಪ್ರಷ್ಯದಲ್ಲಿ 1812ರ ಕಾನೂನು ಬಂದಾಗಲೂ ಸ್ಥಿರವಾದ ಮನೆತನದ ಹೆಸರು ಬೇಕು, ಲೆಕ್ಕಪತ್ರ ಜರ್ಮನ್ ಇಲ್ಲವೇ ಬೇರೆ ಬಳಕೆಯ ಭಾಷೆಯಲ್ಲಿರಬೇಕು ಅನ್ನುವ ಷರತ್ತು.

ಇದು ಮಾಡಿಸಿದ್ದು. ಆದ್ದರಿಂದಲೇ ಕರಣ ಅನ್ನುವ ಪ್ರತ್ಯಯ ಬೇಕು ಅಂದದ್ದು. ಸಂಸ್ಕೃತ ಅನ್ನುವ ಕಾರಣಕ್ಕೆ ಅಲ್ಲ.

ಕೋಲಾರದಿಂದ, ಬುಧವಾರ ರಾತ್ರಿ

ಐದನೇ ಫಲಕದ ಜಗಳ ನೀವು ಮಾಡಿ. ನನಗೆ ಎರಡನೆಯದು ಮತ್ತು ಒಂಬತ್ತನೆಯದರ ಮೇಲೆ ಹೇಳುವುದಿದೆ.

ಯಹೂದಿ ಕೇರಿ ಬೇಡ. ಕೇರಿ ಅಂದರೆ ಬರೀ ಬೀದಿ, ಉತ್ತರ ಕರ್ನಾಟಕ ಕರಾವಳಿಯಲ್ಲೆಲ್ಲ ಎಲ್ಲ ಜಾತಿಗೂ ಕೇರಿ ಇದೆ ಅಂತ ಯಾರಾದರೂ ಬರೆಯುತ್ತಾರೆ. ಗೊತ್ತು. ನಮ್ಮ ಕಡೆ ಊರು ಬೇರೆ, ಕೇರಿ ಬೇರೆ. ಕೇರಿಯವನು ಅಂದರೆ ಯಾರು ಅಂತ ಎಲ್ಲರಿಗೂ ತಿಳಿಯುತ್ತದೆ. ವೆನಿಸ್‌ನಲ್ಲಿ 1516ರಲ್ಲಿ ಯಹೂದಿಗಳನ್ನು ಒಂದು ದ್ವೀಪದಂಥ ಜಾಗದಲ್ಲಿ ಕೂಡಿ ಹಾಕಿದರು. ರಾತ್ರಿ ಬಾಗಿಲು ಹಾಕುತ್ತಿದ್ದರು. ಕಾವಲುಗಾರರ ಸಂಬಳ ಒಳಗಿದ್ದವರೇ ಕೊಡಬೇಕಿತ್ತು. ಬೆಳಗ್ಗೆ ಬಾಗಿಲು ತೆಗೆದರೆ ಅವರು ಊರೊಳಗೆ ಬಂದು ವ್ಯವಹಾರ ಮಾಡಬಹುದಿತ್ತು. ನಮ್ಮಜ್ಜನ ಕೇರಿಗೆ ಬಾಗಿಲೇ ಇರಲಿಲ್ಲ. ಆದರೆ ಊರ ಬಾವಿಗೆ ಹಗಲೂ ಹೋಗುವಂತಿರಲಿಲ್ಲ, ರಾತ್ರಿಯೂ ಹೋಗುವಂತಿರಲಿಲ್ಲ. ಎರಡೂ ನೋವೇ. ಎರಡೂ ಒಂದೇ ಅಲ್ಲ. ಒಂದರ ಹೆಸರನ್ನು ಇನ್ನೊಂದಕ್ಕೆ ಅಂಟಿಸಿದರೆ ಎರಡೂ ಮಸುಕಾಗುತ್ತವೆ. ಘೆಟ್ಟೊ ಅಂತಲೇ ಬರೆಯಿರಿ.

ಪರಿಯಾ ಹಾಗೇ ಬಿಟ್ಟಿದ್ದೇನೆ ಅಂದಿದ್ದೀರಿ. ಅದು ಎಲ್ಲಿಯ ಪದ ಅಂತ ಫಲಕದಲ್ಲಿ ಹೇಳಿದ್ದೀರಾ? ತಮಿಳಿನ ಪರೈಯರ್. ಪರೈ ಅಂದರೆ ಚರ್ಮವಾದ್ಯ. ಹಳಗನ್ನಡದ ಪಱೆ ಅದೇ. ಅದನ್ನು ಬಾರಿಸುವ ಜನರ ಹೆಸರನ್ನು ಯುರೋಪಿನವರು ಹಡಗಿನಲ್ಲಿ ಒಯ್ದು, ಯಾರೂ ಹತ್ತಿರ ಸೇರಿಸದವನು ಅನ್ನುವ ಅರ್ಥ ಕೊಟ್ಟರು. ಆಮೇಲೆ ಫ್ರಾನ್ಸಿನ ಯಹೂದಿ ಲೇಖಕ ಬರ್ನಾರ್ ಲಜಾರ್ ಅದನ್ನು ಯಹೂದಿಗಳಿಗೆ ಹಚ್ಚಿ ಮಾತಾಡಿದ. ಜರ್ಮನ್ ಸಮಾಜಶಾಸ್ತ್ರಜ್ಞ ಮ್ಯಾಕ್ಸ್ ವೇಬರ್ ಅವರನ್ನು ಪರಿಯಾ ಜನ ಅಂದ. ಯಹೂದಿ ಚಿಂತಕಿ ಹಾನಾ ಅರೆಂಡ್ಟ್ 1944ರಲ್ಲಿ ಅದನ್ನೇ ಎತ್ತಿಕೊಂಡು, ಮೇಲೇರಲು ತನ್ನತನ ಬಿಟ್ಟವನು ಒಂದು ಕಡೆ, ಹೊರಗಿನವನಾಗಿಯೇ ತಲೆ ಎತ್ತಿ ನಿಂತವನು ಇನ್ನೊಂದು ಕಡೆ ಅಂತ ಬಿಡಿಸಿದಳು. ಯಹೂದಿಗಳು ತಮ್ಮ ಪಾಡು ಹೇಳಿಕೊಳ್ಳಲು ನಮ್ಮ ಜನರ ಹೆಸರು ಬೇಕಾಯಿತು. ಅದು ಕೋಲಾರದಿಂದ ನೂರಿನ್ನೂರು ಮೈಲಿ ಸುತ್ತಿನ ಪದ. ವಿದೇಶಿ ಪದದ ಹಾಗೆ ಫಲಕದ ಮೇಲೆ ನಿಲ್ಲಿಸಬೇಡಿ. ಒಂದು ಸಾಲು ಬರೆಯಿರಿ.

ಶಿವಮೊಗ್ಗದಿಂದ, ಗುರುವಾರ ಬೆಳಗ್ಗೆ

ಬೆರಕೆ ಬಿಟ್ಟೆ. ಮಿಶ್ಲಿಂಗ್ ವಿಷಯ ನನಗೆ ತಿಳಿದಿರಲಿಲ್ಲ. ಬೆರೆತುಕೊಳ್ಳುವುದು ಚೆನ್ನಾಗಿದೆ.

ಆದರೆ ಘೆಟ್ಟೊ, ಪರಿಯಾ, ತೋರಾ, ಯಿಡ್ಡಿಶ್ ಅಂತ ಎಲ್ಲವನ್ನೂ ಹಾಗೇ ಬಿಡುತ್ತಾ ಹೋದರೆ ಕನ್ನಡಕ್ಕೆ ತಂದಂತೆ ಆಯಿತಾ? ಹೆಸರುಪದ ಬಿಡಿ, ಸರಿ. ಉಳಿದದ್ದಕ್ಕೆ ಕನ್ನಡ ಹುಟ್ಟಿಸದಿದ್ದರೆ ಕನ್ನಡವೇ ಬೇರೆ ಭಾಷೆಗಳೊಳಗೆ ಕರಗಿಹೋಗುತ್ತದೆ. ನೀವೆಲ್ಲ ಮೂರು ದಿನದಿಂದ ಮಾತಾಡುತ್ತಿರುವುದು ಅದನ್ನೇ ಅಲ್ವಾ? ತಮ್ಮ ಮಾತು ಬಿಟ್ಟವರ ಕತೆ ಅದು. ಅದನ್ನು ಎರವಲು ಪದಗಳಲ್ಲಿ ಹೇಳುವುದು ನನಗೆ ಒಪ್ಪಿಗೆಯಿಲ್ಲ.

ಮಂಗಳೂರಿನಿಂದ, ಗುರುವಾರ

ಎರವಲು ಅಂದರೆ ಸೋಲು ಅಂತ ಲೆಕ್ಕ ಹಾಕಿದರೆ ಯಿಡ್ಡಿಶ್ ಅನ್ನುವ ಭಾಷೆಯೇ ಇರಬಾರದಿತ್ತು. ಅದರ ಮೈ ಜರ್ಮನ್. ದೇವರು, ಪಾಠ, ಮದುವೆ, ಸಾವಿನ ಮಾತು ಬಹಳಷ್ಟು ಹೀಬ್ರೂ, ಅರಮಾಯಿಕ್. ಪೋಲೆಂಡ್, ಉಕ್ರೇನ್ ಕಡೆಗೆ ಹೋದಾಗ ಸ್ಲಾವಿಕ್ ಪದಗಳು ಸೇರಿದವು. ಬರೆಯುವುದು ಹೀಬ್ರೂ ಅಕ್ಷರದಲ್ಲಿ. ಇದನ್ನು ಕಲಬೆರಕೆ, ಕೆಟ್ಟ ಜರ್ಮನ್ ಅಂತ ಹಳಿದು ಜಾರ್ಗನ್ ಅಂದವರಲ್ಲಿ ಮೆಂಡೆಲ್ಸನ್ ಕೂಡ ಒಬ್ಬರು. 1782ರ ಒಂದು ಪತ್ರದಲ್ಲಿ, ಸಾಮಾನ್ಯ ಜನರ ನಡತೆ ಕೆಡಲು ಈ ಜಾರ್ಗನ್ ಕೂಡ ಕಾರಣ ಅನ್ನುವ ಅರ್ಥದಲ್ಲಿ ಬರೆದರು. ದೊಡ್ಡ ಮನುಷ್ಯರು. ಈ ಒಂದು ವಿಷಯದಲ್ಲಿ ಅವರು ತಪ್ಪು ಅಂತ ನನಗೆ ಖಚಿತವಾಗಿ ಅನ್ನಿಸುತ್ತದೆ. ಮಗುವಿಗೆ ಹಾಲೂಡಿಸುವ ಮಾತನ್ನು ಕೆಟ್ಟ ಮಾತು ಅಂದುಬಿಟ್ಟರು.

ಆ ಜಾರ್ಗನ್‌ನಲ್ಲೇ ಮುಂದೆ ಪತ್ರಿಕೆ ಬಂತು, ನಾಟಕ ಬಂತು. 1908ರಲ್ಲಿ ಈಗಿನ ಉಕ್ರೇನಿನ ಚೆರ್ನೊವಿಟ್ಸ್‌ನಲ್ಲಿ ಸಭೆ ಸೇರಿ, ಯಿಡ್ಡಿಶ್ ಯಹೂದಿಗಳ ಒಂದು ರಾಷ್ಟ್ರೀಯ ಭಾಷೆ ಅಂತ ಘೋಷಿಸಿದರು. 'ಒಂದು' ಅನ್ನುವುದಕ್ಕೇ ಅಲ್ಲಿ ದೊಡ್ಡ ಜಗಳ. 1925ರಲ್ಲಿ ಅದರ ಅಧ್ಯಯನಕ್ಕೆ ವಿಲ್ನಾದಲ್ಲಿ, ಅಂದರೆ ಈಗಿನ ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ, ಯಿವೊ ಸಂಸ್ಥೆ ಶುರುವಾಯಿತು.

ಶಿವಮೊಗ್ಗದವರು ಇದನ್ನು ಕೇಳಲೇಬೇಕು: ಯಿಡ್ಡಿಶ್‌ನಲ್ಲೂ ಶುದ್ಧಿಯವರು ಇದ್ದರು. ಅವರು ಯಾವುದನ್ನು ಹೊರಗೆ ಹಾಕಲು ಹೊರಟರು ಗೊತ್ತಾ? ಹೊಸ ಜರ್ಮನ್ ಪದಗಳನ್ನು. ಅಂಥ ಪದಕ್ಕೆ ದಾಯ್ಚ್‌ಮೆರಿಶ್ ಅಂತ ಬೈಗುಳ. ಸ್ಲಾವಿಕ್ ಪದ ಇರಲಿ, ಹೀಬ್ರೂ ಇರಲಿ, ದೊಡ್ಡಸ್ತಿಕೆಗೆ ತಂದ ಜರ್ಮನ್ ಬೇಡ. ಅಂದರೆ ಎರವಲು ತಪ್ಪಲ್ಲ, ನಾಚಿಕೆಪಟ್ಟು ತಂದ ಎರವಲು ತಪ್ಪು. ಅವರ ಅಳತೆಗೋಲು ನನಗೆ ಸರಿ ಅನ್ನಿಸುತ್ತದೆ. ಹೈನೆಯ ಆ ಟಿಕೆಟ್ ಮಾತು ಇದೆಯಲ್ಲ, ಅವರು ಜರ್ಮನ್ ವಾಕ್ಯದಲ್ಲಿ ಅದಕ್ಕೆ ಬಳಸಿದ್ದು ಫ್ರೆಂಚಿನಿಂದ ಬಂದ ಪದ, ಆಂತ್ರೇಬಿಯೆ. ಅಲ್ಲಿ ಜರ್ಮನ್ ಪದ ಇಟ್ಟಿದ್ದರೆ ಆ ಚುಚ್ಚು ಬರುತ್ತಿರಲಿಲ್ಲ. ಕನ್ನಡದಲ್ಲಿ ಟಿಕೆಟ್ ಅಂತಲೇ ಇರಲಿ, ಪ್ರವೇಶಪತ್ರ ಮಾಡಬೇಡಿ.

ನಮ್ಮ ಮನೆಯಲ್ಲಿ ಕೊಂಕಣಿ ಮಾತು, ಕನ್ನಡ ಅಕ್ಷರ. ಅಮ್ಮನ ಪ್ರಾರ್ಥನೆ ಪುಸ್ತಕ ಈಗಲೂ ಹಾಗೇ ಇದೆ. ಗೋವಾದ ನೆಂಟರು ಅದನ್ನು ಓದಲಾರರು, ಓದಿ ಹೇಳಿದರೆ ಅರ್ಥವಾಗುತ್ತದೆ. ಐದನೇ ಫಲಕದ ಆ ಪುಟವನ್ನು ನೋಡಲು ನಾನು ಬೆಂಗಳೂರಿಗೆ ಬರುತ್ತೇನೆ.

ಶಿವಮೊಗ್ಗದಿಂದ, ಗುರುವಾರ

ಕೊಂಕಣಿಗೂ ಕನ್ನಡಕ್ಕೂ ನಡುವೆ ಹೀಬ್ರೂ ಜರ್ಮನ್ ಹಾಗೆ ಮೇ‌ಲು ಕೀಳು ಇಲ್ಲ. ಹೋಲಿಕೆ ಸರಿಯಲ್ಲ. ಇಂಗ್ಲಿಷಿಗೂ ಕನ್ನಡಕ್ಕೂ ಇದೆ. ನಾನು ಹೇಳಿದ್ದು ಅದು.

ಬೆಂಗಳೂರಿನಿಂದ, ಗುರುವಾರ ರಾತ್ರಿ

ಎಲ್ಲರ ಪತ್ರ ಎರಡೆರಡು ಸಲ ಓದಿದೆ. ನಾಳೆ ಕೊಡಬೇಕು, ಆದ್ದರಿಂದ ತೀರ್ಮಾನ ಮಾಡಿದ್ದೇನೆ.

ನನ್ನ ತೊಡಕು ಎಲ್ಲಿತ್ತು ಅಂತ ಈಗ ಗೊತ್ತಾಯಿತು. ಇಂಗ್ಲಿಷ್ ನಾಮಪದದಲ್ಲಿ ಯಾರು ಮಾಡಿದರು ಅನ್ನುವುದೇ ಇಲ್ಲ. ಕನ್ನಡದಲ್ಲಿ ಅದನ್ನು ಬಚ್ಚಿಡಲು ಆಗುವುದಿಲ್ಲ. ಬೆರೆ ಅಂದ ಮೇಲೆ ಪಕ್ಕದಲ್ಲಿ ಇನ್ನೊಂದು ಕ್ರಿಯಾಪದ ಬಂದೇ ಬರುತ್ತದೆ. ಬೆರೆಸಿದರು ಅಂದರೆ ಮೈಸೂರಿನವರು ಹೇಳಿದ ದೊರೆಯ ಆಜ್ಞೆ. ಬೆರೆತುಕೊಂಡರು ಅಂದರೆ ಬರ್ಲಿನ್ನಿನ ಆ ಮನೆಗಳು, ಪಿಯಾನೊ, ಜರ್ಮನ್ ಪಾಠ. ಬೆರೆತುಹೋದರು ಅಂದರೆ ಅದನ್ನು ದೂರದಿಂದ ನೋಡಿ ಮರುಗಿದವರ ಮಾತು. ಮೂರೂ ನಡೆದದ್ದೇ. ಒಂದೇ ಮನೆಯಲ್ಲಿ ಅಪ್ಪ ಬೆರೆತುಕೊಂಡೆ ಅಂದದ್ದನ್ನು ಅಜ್ಜಿ ಬೆರೆತುಹೋದ ಅಂದಿರಬಹುದು. ಹಾಗಾಗಿ ಫಲಕದ ಒಳಗೆ ಮೂರು ಕಡೆ ಮೂರು ರೂಪ ಬಳಸಿದ್ದೇನೆ. ಮತಾಂತರಕ್ಕೆ ಮತಾಂತರ ಅಂತಲೇ ಇಟ್ಟೆ. ತಲೆಬರಹ: ಬೆರೆತುಕೊಂಡ ಬಗೆ. ಅಲ್ಲಿ ಕೊಳ್ಳು ಆರಿಸಿದ್ದಕ್ಕೆ ಕಾರಣ, ಅವರು ತಮ್ಮ ಬಗ್ಗೆ ತಾವು ನಂಬಿದ್ದು ಅದನ್ನು. ಸತ್ತವರಿಗೆ ಅವರ ನಂಬಿಕೆಯ ರೂಪವನ್ನು ಕೊಡಬೇಕು ಅನ್ನಿಸಿತು. ಮೈಸೂರಿನವರು ಇದನ್ನು ಒಪ್ಪಲಿಕ್ಕಿಲ್ಲ. ಅವರು ಕೊಟ್ಟ ಸಂಗತಿಗಳನ್ನು ನಾಲ್ಕನೇ ಫಲಕಕ್ಕೆ ಸೇರಿಸಿದ್ದೇನೆ. ಅದರ ತಲೆಬರಹ ಬಿಡುಗಡೆ, ಕೆಳಗಿನ ಸಾಲಿನಲ್ಲಿ ಷರತ್ತುಗಳು.

ಇದೇ ಕಣ್ಣಿನಿಂದ ಹನ್ನೊಂದನೇ ಫಲಕ ಮತ್ತೆ ನೋಡಿದೆ. 1933ರಲ್ಲಿ ಜರ್ಮನಿಯ ಯಹೂದಿ ಸಂಸ್ಥೆಗಳು ಸೇರಿ, ಯಹೂದಿ ಧರ್ಮಗುರು ಲಿಯೊ ಬೆಕ್ ಅವರ ಮುಂದಾಳತ್ವದಲ್ಲಿ ಒಂದು ಪ್ರಾತಿನಿಧಿಕ ಮಂಡಳಿ ಮಾಡಿಕೊಂಡವು. ಅದರ ಹೆಸರಿನಲ್ಲಿ ಇದ್ದದ್ದು 'ಜರ್ಮನ್ ಯಹೂದಿಗಳು'. 1935ರಲ್ಲಿ ನಾಜಿ ಸರ್ಕಾರ ಆ ಹೆಸರು ಬದಲಾಯಿಸಲು ಹೇಳಿತು. 'ಜರ್ಮನಿಯಲ್ಲಿರುವ ಯಹೂದಿಗಳು' ಅಂತ ಆಯಿತು. ನಾನು ಮೊದಲ ಸಲ ಎರಡನ್ನೂ ಜರ್ಮನ್ ಯಹೂದಿಗಳು ಅಂತಲೇ ಅನುವಾದಿಸಿಬಿಟ್ಟಿದ್ದೆ! ಪುಣ್ಯಕ್ಕೆ ಕಣ್ಣಿಗೆ ಬಿತ್ತು. ಆ ಒಂದು 'ಅಲ್ಲಿ'ಯಿಂದ ಅವರನ್ನು ಅವರ ದೇಶದಲ್ಲೇ ಬಾಡಿಗೆಯವರ ಹಾಗೆ ಮಾಡಿದರು. ಮೊದಲ ಮಹಾಯುದ್ಧದಲ್ಲಿ ಜರ್ಮನ್ ಸೇನೆಯಲ್ಲಿದ್ದ ಯಹೂದಿಗಳು ಸುಮಾರು ಒಂದು ಲಕ್ಷ, ಸತ್ತವರು ಸುಮಾರು 12,000. ಅವರ ಮನೆಯವರಿಗೆ ಈ ವಿಭಕ್ತಿ. ಈಗ ಎರಡು ಹೆಸರನ್ನೂ ಒಂದರ ಕೆಳಗೊಂದು ದೊಡ್ಡ ಅಕ್ಷರದಲ್ಲಿ ಹಾಕಿಸುತ್ತಿದ್ದೇನೆ.

ಕೇರಿ ತೆಗೆದೆ. ಕೋಲಾರದವರಿಗೆ ಋಣಿ. ಪರಿಯಾ ಪದದ ಪಕ್ಕ ಪರೈ, ಪಱೆ ಎರಡೂ ಬಂದಿವೆ, ಆ ವಾದ್ಯದ ಒಂದು ಚಿತ್ರವೂ ಬರುತ್ತದೆ. ಟಿಕೆಟ್ ಟಿಕೆಟ್ಟೇ.

ಹನ್ನೆರಡನೇ ಫಲಕ ಯಹೂದಿ ಮನೆತನದಲ್ಲಿ ಹುಟ್ಟಿದ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್ ಅವರದು. 1914ರಲ್ಲಿ ಲೂಥರನ್ ದೀಕ್ಷಾಸ್ನಾನ ಆಗಿದ್ದರೂ 1933ರಲ್ಲಿ ಗಟ್ಟಿಂಗೆನ್‌ನ ಕೆಲಸ ಹೋಯಿತು. 1935-36ರಲ್ಲಿ ರಾಮನ್ ಅವರ ಆಹ್ವಾನದ ಮೇಲೆ ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಕೆಲವು ತಿಂಗಳು ಇದ್ದರು. ಇಲ್ಲೇ ಉಳಿಸಿಕೊಳ್ಳಲು ರಾಮನ್ ಮಾಡಿದ ಪ್ರಯತ್ನ ಕೈಗೂಡಲಿಲ್ಲ. ಅವರನ್ನು ಫಲಕದಲ್ಲಿ ಏನಂತ ಕರೆಯುವುದು, ಜರ್ಮನ್ ವಿಜ್ಞಾನಿ ಅಂತಲೋ ಯಹೂದಿ ವಿಜ್ಞಾನಿ ಅಂತಲೋ? ಮೊದಲು ಎರಡನೆಯದು ಬರೆದಿದ್ದೆ. ತಿದ್ದಿದೆ. ಜರ್ಮನ್ ಭೌತವಿಜ್ಞಾನಿ ಅಂತ ಹಾಕಿ, ಅವರನ್ನು ಯಾವ ಕಾನೂನು ಯಹೂದಿ ಅಂತ ಎಣಿಸಿತು ಅನ್ನುವುದನ್ನು ಮುಂದಿನ ವಾಕ್ಯದಲ್ಲಿ ಹೇಳಿದ್ದೇನೆ.

ಶಿವಮೊಗ್ಗದಿಂದ, ಶುಕ್ರವಾರ ಬೆಳಗ್ಗೆ

ಎರವಲು ತರುವುದೇ ಆದರೆ ಸರಿಯಾಗಿ ತನ್ನಿ. ಘೆಟ್ಟೊದಲ್ಲಿ ಮಹಾಪ್ರಾಣ ಎಲ್ಲಿಂದ ಬಂತು? ಇಟಾಲಿಯನ್ ಬರವಣಿಗೆಯಲ್ಲಿ ಎ, ಇ ಸ್ವರಗಳ ಮುಂದೆ ಗ ಅನ್ನುವುದು ಜ ಆಗದಿರಲಿ ಅಂತ ಒಂದು ಹ ಸೇರಿಸುತ್ತಾರೆ. ಓದುವುದು ಗೆಟ್ಟೊ. ಇಂಗ್ಲಿಷಿನ ಕಾಗುಣಿತ ನೋಡಿ ನಾವು ಘ ಬರೆದಿದ್ದೇವೆ.

ನ್ಯೂಜರ್ಸಿಯಿಂದ, ಶುಕ್ರವಾರ

ಇದು ಸರಿ. ಅಷ್ಟೇ ಅಲ್ಲ, ಹೆಚ್ಚಿನವರು ಒಪ್ಪುವ ವಿವರಣೆಯ ಪ್ರಕಾರ ವೆನಿಸ್‌ನ ಆ ಜಾಗದಲ್ಲಿ ಮೊದಲು ಲೋಹ ಎರಕ ಹೊಯ್ಯುವ ಕುಲುಮೆ ಇತ್ತು. ಎರಕಕ್ಕೆ ಅಲ್ಲಿನವರು ಜೆತ್ತೊ ಅನ್ನುತ್ತಿದ್ದರು. ಮೊದಲು ಅಲ್ಲಿಗೆ ಬಂದವರಲ್ಲಿ ಜರ್ಮನ್ ಕಡೆಯ ಯಹೂದಿಗಳಿದ್ದರು. ಅವರ ನಾಲಿಗೆಯಲ್ಲಿ ಜ ಹೋಗಿ ಗ ಆಯಿತು ಅನ್ನುತ್ತಾರೆ. ಊರೆಲ್ಲ ಅವರ ಉಚ್ಚಾರವನ್ನೇ ಹಿಡಿಯಿತು. ಆ ಗ ಕೆಡಿಸಬೇಡಿ.

ಬೆಂಗಳೂರಿನಿಂದ, ಶುಕ್ರವಾರ 11 ಗಂಟೆ

ಗೆಟ್ಟೊ. ನಾಲ್ಕು ಕಡೆ ತಿದ್ದಿದೆ. ಕಡತ ಕಳಿಸುತ್ತಿದ್ದೇನೆ.